ಮೇಜಿನ ಮೇಲಿನ ಗೀಟು

ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಕಂಡಕ್ಟ್ರಮ್ಮ ಮೇಜು ಒರೆಸುತ್ತಿದ್ದಳು. ಫೋನಿನ ಆ ಕಡೆ ಅವಳ ತಂಗಿ. ಬೀಗಿತ್ತಿ ತನ್ನನ್ನು ನಾಲ್ಕು ಜನರ ಮುಂದೆ ಹೇಗೆ ಕಡೆಗಣಿಸಿದಳು ಎನ್ನುವುದನ್ನು ಮೊದಲಿನಿಂದ ಹೇಳಿ ಮುಗಿಸಿ, ಈಗ ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಮೇಜಿನ ಮೇಲೆ ಬೆಕ್ಕು ಚೆಲ್ಲಿದ ಹಾಲು ಒಣಗಿ ಅಂಟಾಗಿತ್ತು. ಒದ್ದೆ ಬಟ್ಟೆಯಿಂದ ಈ ತುದಿಯಿಂದ ಆ ತುದಿಯವರೆಗೆ ಗಸಗಸ ತಿಕ್ಕಿ, ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ ಕಿಟಕಿಯ ಸರಳಿಗೆ ಹಾಕಿದಳು. "ಆಯ್ತು ಬಿಡೇ, ಅವಳ ಬುದ್ಧಿ ಅವಳಿಗೆ. ನನಗೆ ಕೆಲಸ ಇದೆ" ಎಂದು ಫೋನಿಟ್ಟ ಮೇಲೆ ಬಗ್ಗಿ ಮೇಜಿನ ಮೂಲೆ ನೋಡಿದಳು. ಗೀಟಿರಲಿಲ್ಲ.

ಗೀಟಿಲ್ಲ ಎಂದರೆ ಬೆಕ್ಕಿಗೆ ಬೆಳಗಿನ ಇಂಜೆಕ್ಷನ್ ಆಗಿಲ್ಲ ಎಂದರ್ಥ.

ಅದು ಟೈಲರ್ ಮಾಸ್ಟರ ಮನೆ. ಅಂಗಡಿಯೊಂದರ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಹೊಲಿಗೆ ಯಂತ್ರ ಮತ್ತು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಹಿಂದಿನದರಲ್ಲಿ ಮಂಚ ಮತ್ತು ಒಲೆ. ಹೊಲಿಸಿಕೊಳ್ಳುವವರು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಮಾಸ್ಟರ ಜೊತೆಗೆ ಉಳಿದದ್ದು ಒಂದು ಬೂದು ಬಣ್ಣದ ಹೆಣ್ಣು ಬೆಕ್ಕು. ಕಣ್ಣು ಗುಂಡಿ ತೂರಿಸುವ ಕಾಜದ ಹಾಗೆ ಸೀಳಿಕೊಂಡಿದೆ ಎಂದು ಅದಕ್ಕೆ ಕಾಜ ಎಂದೇ ಹೆಸರಿಟ್ಟಿದ್ದರು. ಕಾಜಳಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಬೇಕು.

ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ನಿವೃತ್ತಳಾದ ಕಂಡಕ್ಟ್ರಮ್ಮ, ವಯಸ್ಸಾದವರು ಸಾಕಿದ ಪ್ರಾಣಿಗಳನ್ನು ನೋಡಿಕೊಳ್ಳುವ ಗುಂಪೊಂದಕ್ಕೆ ತಾನಾಗಿಯೇ ಹೋಗಿ ಸೇರಿದ್ದಳು. ಬಿಟ್ಟಿ ಸೇವೆ. ಮನೆಯಲ್ಲಿ ಪಾತ್ರೆ ಮುಟ್ಟಲು ಹೋದರೆ ಸೊಸೆ, "ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ" ಎನ್ನುತ್ತಿದ್ದಳು. ಪ್ರೀತಿಯಿಂದಲೇ ಅನ್ನುತ್ತಿದ್ದಳು, ಆದರೆ ತುಂಬಿದ ಬಸ್ಸನ್ನು ಒಂದು ಸೀಟಿಯಲ್ಲಿ ನಿಲ್ಲಿಸಿದವಳಿಗೆ ಸುಮ್ಮನೆ ಕೂರುವುದೆಂದರೆ ಸಾಯುವುದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಹೀಗಾಗಿ ಒಬ್ಬರ ನಾಯಿಯನ್ನು ಅಡ್ಡಾಡಿಸುವುದು, ಇನ್ನೊಬ್ಬರ ಗಿಳಿಯ ಪಂಜರ ತೊಳೆಯುವುದು, ಮಾಸ್ಟರ ಬೆಕ್ಕಿಗೆ ಬೆಳಗಿನ ಸೂಜಿ ಚುಚ್ಚುವುದು ಅವಳ ಪಾಲಿಗೆ ಬಂದಿತ್ತು. ಆ ಮನೆಗಳ ಬೀಗದ ಕೈಗಳು ಸೊಂಟದಲ್ಲಿ ಗಿಲಗಿಲ ಎನ್ನುವಾಗ ಅವಳ ನಡಿಗೆಯೇ ಬೇರೆ.

ಸಂಜೆಯ ಸೂಜಿ ಮಾಸ್ಟರದು. ಬೆಳಗ್ಗೆ ಅವಳು ಬರುವುದು ತಡವಾದರೆ ಅದನ್ನೂ ಅವರೇ ಕೊಡುತ್ತಿದ್ದರು. ಎರಡೆರಡು ಸಲ ಆಗಬಾರದಲ್ಲ, ಅದಕ್ಕೆ ಒಂದು ಏರ್ಪಾಡು ಮಾಡಿಕೊಂಡಿದ್ದರು. ಬೆಳಗ್ಗೆ ಯಾರು ಕೊಟ್ಟರೂ ಮೇಜಿನ ಮೂಲೆಯಲ್ಲಿ ಬಟ್ಟೆಗೆ ಗುರುತು ಹಾಕುವ ಸುಣ್ಣದಿಂದ ಒಂದು ಗೀಟು ಎಳೆಯಬೇಕು. ಸಂಜೆಯದು ಮುಗಿದ ಮೇಲೆ ಮಾಸ್ಟರು ಅದನ್ನು ಅಂಗೈಯಿಂದ ಅಳಿಸಬೇಕು. ಹಾಳೆಯಲ್ಲಿ ಬರೆದಿಡೋಣ ಎಂದು ಅವಳು ಹೇಳಿದಾಗ ಮಾಸ್ಟರು ನಕ್ಕಿದ್ದರು. "ಬರೆಯೋದೆಲ್ಲ ನಿಮ್ಮ ಡಿಪೋದಲ್ಲಿ ಕಂಡಕ್ಟ್ರಮ್ಮ. ಗೀಟು ನೋಡದೆ ಕತ್ತರಿ ಆಡಿಸಿದವನಲ್ಲ ನಾನು. ಸೂಜಿ ಹಿಡಿದೇ ಅನ್ನ ತಿಂದೋನಿಗೆ ಈ ಸೂಜಿ ಯಾವ ಲೆಕ್ಕ?"

ಆವತ್ತು ಬಸ್ಸು ದಾರಿಯಲ್ಲಿ ಕೆಟ್ಟು ಅವಳು ಬಂದದ್ದು ತಡ. ಮಾಸ್ಟರು ಮನೆಯಲ್ಲಿರಲಿಲ್ಲ, ಕ್ಷೌರಕ್ಕೆ ಹೋಗಿದ್ದರು. ಫೋನನ್ನು ಕಿಟಕಿಯಲ್ಲೇ ಬಿಟ್ಟು ಹೋಗಿದ್ದರು. ಕಾಜ ಹೊಲಿಗೆ ಯಂತ್ರದ ಪೆಡಲಿನ ಹಿಂದೆ ಮುದುಡಿ ಕೂತಿತ್ತು. ದಿನವೂ ಸೂಜಿಯ ಹಿಂದೆ ಊಟ ಬರುತ್ತದೆಂದು ತಾನೇ ಬಂದು ಕಾಲು ಸವರುವ ಬೆಕ್ಕು ಇವತ್ತು ಕರೆದರೆ ಬರಲೊಲ್ಲದು. ಅವಳಿಗೆ ಒಂದು ಗಳಿಗೆ ಅನುಮಾನವಾಯಿತು. ಮಾಸ್ಟರು ಬರುವ ತನಕ ಕಾದು ಕೇಳಿದರೆ ಹೇಗೆ?

ಆದರೆ ಹಿಂದಿನ ವಾರ ಹಾಗೆ ಕೇಳಿ ಬೈಸಿಕೊಂಡಿದ್ದಳು. ಗೀಟು ಕಣ್ಣೆದುರಿಗೇ ಇದ್ದರೂ, "ನಿಜವಾಗ್ಲೂ ಕೊಟ್ರಾ ಮಾಸ್ಟ್ರೇ?" ಎಂದದ್ದೇ ತಪ್ಪಾಗಿತ್ತು. ಮಾಸ್ಟರ ಮುಖ ಸಪ್ಪಗಾಗಿ, ಆಮೇಲೆ ಕೆಂಪಗಾಗಿತ್ತು. "ನೀವೂ ನನ್ನ ಮಗಳ ಪಾರ್ಟಿ ಸೇರಿದ್ರಾ? ಅವಳಿಗಂತೂ ಅಪ್ಪನಿಗೆ ಅರಳುಮರಳು, ಒಬ್ಬನೇ ಇರಬಾರದು, ತನ್ನ ಮನೆಗೆ ಬಂದು ಮೂಲೆಯಲ್ಲಿ ಬಿದ್ದಿರಬೇಕು ಅಂತ ಒಂದೇ ಜಪ. ಹೊತ್ತು ಹೊತ್ತಿಗೆ ಸರಿಯಾಗಿ ಬೆಕ್ಕಿಗೆ ಸೂಜಿ ಹಾಕೋನಿಗೆ ಮರೆವು ಅಂತೀಯಲ್ಲಮ್ಮಾ ಅಂತ ಅವಳ ಬಾಯಿ ಮುಚ್ಚಿಸಿದ್ದೀನಿ. ಈಗ ನೀವು ಶುರು ಮಾಡಬೇಡಿ."  ಇನ್ನು ಜನ್ಮದಲ್ಲಿ ಕೇಳುವುದಿಲ್ಲ ಎಂದುಕೊಂಡಿದ್ದಳು.

ಕೇಳುವುದಾದರೂ ಏನು, ಗೀಟೇ ಇಲ್ಲವಲ್ಲ. ಅವಳು ಬೆಕ್ಕನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಕತ್ತಿನ ಚರ್ಮ ಚಿವುಟಿ ಹಿಡಿದು ಸೂಜಿ ಚುಚ್ಚಿದಳು. ತಟ್ಟೆಗೆ ಊಟ ಹಾಕಿದಳು. ಸುಣ್ಣದ ಬಿಲ್ಲೆ ತೆಗೆದುಕೊಂಡು ಮೂಲೆಯಲ್ಲಿ ನೀಟಾಗಿ ಒಂದು ಗೀಟು ಎಳೆದಳು. ಬಾಗಿಲಿಗೆ ಬೀಗ ಹಾಕಿ, ನಾಯಿ ಕಾಯುತ್ತಿದ್ದ ಮನೆಯ ಕಡೆ ಬಿರಬಿರನೆ ನಡೆದಳು.

ಮಧ್ಯಾಹ್ನದ ಹೊತ್ತಿಗೆ ಮಾಸ್ಟರ ಫೋನು ಬಂತು. ಮಾತು ತೊದಲುತ್ತಿತ್ತು. "ಕಾಜ ಓಲಾಡ್ತಾ ಇದೆ ಕಂಡಕ್ಟ್ರಮ್ಮ. ಕುಡಿದೋರ ಹಾಗೆ. ಬೇಗ ಬನ್ನಿ."

ಅವಳು ಹೋಗುವಷ್ಟರಲ್ಲಿ ಬೆಕ್ಕಿನ ಕಾಲುಗಳು ಸೆಟೆದುಕೊಂಡು ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಮಾಸ್ಟರು ಅದನ್ನು ಹಳೆಯ ಕೋಟಿನ ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡಿದ್ದರು. ಆಟೋದಲ್ಲಿ ಕೂತಷ್ಟು ಹೊತ್ತೂ, "ಬಂತು, ಬಂತು, ಡಾಕ್ಟರ ಹತ್ರ ಬಂದೇಬಿಟ್ವಿ" ಎಂದು ಬೆಕ್ಕಿಗೆ ಹೇಳುತ್ತಲೇ ಇದ್ದರು. ಸುದ್ದಿ ತಿಳಿದ ಮಗಳು ತನ್ನ ಶಾಲೆಯಿಂದ ಅರ್ಧಕ್ಕೇ ಎದ್ದು ಬಂದಳು. ಅವಳು ಟೀಚರು, ಕೈಬೆರಳಿಗೆ ಅಂಟಿದ ಕೆಂಪು ಶಾಯಿಯನ್ನೂ ತೊಳೆದುಕೊಂಡಿರಲಿಲ್ಲ.

ಪ್ರಾಣಿ ಡಾಕ್ಟರು ಕಾಜಳ ರಕ್ತ ತೆಗೆದು ನೋಡಿದರು. ನರಕ್ಕೆ ಗ್ಲೂಕೋಸ್ ಏರಿಸಿದರು. ತಲೆ ಎತ್ತದೆಯೇ ಕೇಳಿದರು: "ಸಕ್ಕರೆ ಪಾತಾಳಕ್ಕೆ ಇಳಿದಿದೆ. ಒಂದೋ ಅಳತೆ ತಪ್ಪಿದೆ, ಇಲ್ಲಾ ಎರಡು ಸಲ ಬಿದ್ದಿದೆ. ಇವತ್ತು ಯಾರು ಕೊಟ್ಟಿದ್ದು?"

"ನಾನೇ" ಎಂದರು ಮಾಸ್ಟರು. "ಬಸ್ಸು ತಡ ಅನ್ಸುತ್ತೆ, ಇವರು ಹೊತ್ತಿಗೆ ಬರಲಿಲ್ಲ. ನಾನೇ ಕೊಟ್ಟು, ಗೀಟು ಹಾಕಿ, ಕ್ಷೌರಕ್ಕೆ ಹೋದೆ."

 ಕಿಟಕಿಯ ಸರಳಿಗೆ ತಾನು ಹಾಕಿದ್ದ ಒದ್ದೆ ಬಟ್ಟೆ ಕಂಡಕ್ಟ್ರಮ್ಮನ ಕಣ್ಣೆದುರು ಬಂತು. ಮೇಜಿನ ಆ ತುದಿಯವರೆಗೂ ತಿಕ್ಕಿದ್ದಳು. ಬೀಗಿತ್ತಿಯ ಪುರಾಣ ಕೇಳುತ್ತ ಕೈ ತನ್ನ ಪಾಡಿಗೆ ತಾನು ತಿಕ್ಕಿತ್ತು.

"ಅಳತೆ ತಪ್ಪೋನಲ್ಲ ನಾನು" ಎಂದು ಮಾಸ್ಟರು ಮತ್ತೆ ಹೇಳಿದರು.  "ಎರಡು ಸಲಾನಾ?" ಎಂದರು, ತಮ್ಮನ್ನೇ ಕೇಳಿಕೊಳ್ಳುವಂತೆ. ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಕಂಡಕ್ಟ್ರಮ್ಮನ ಕಡೆ ತಿರುಗಿದರು. "ನೀವು ಬಂದಾಗ ಗೀಟಿತ್ತು ಅಲ್ವಾ? ನೋಡಿದ್ರಲ್ಲ?"

ಕಂಡಕ್ಟ್ರಮ್ಮ ಸೊಂಟದ ಬೀಗದ ಕೈಗಳನ್ನು ಹಿಡಿದುಕೊಂಡಳು. ನಿಜ ಹೇಳಿದರೆ ಗುಂಪಿನವರು ಬೀಗದ ಕೈಗಳನ್ನೆಲ್ಲ ಇಸಿದುಕೊಳ್ಳುತ್ತಾರೆ. ಸೊಸೆ, "ಅದಕ್ಕೇ ಹೇಳಿದ್ದು ಅತ್ತೆ" ಎನ್ನುತ್ತಾಳೆ. ಈ ಮುದುಕರು ಇನ್ನು ತನ್ನ ಮುಖವನ್ನೂ ನೋಡುವುದಿಲ್ಲ. ಬೆಕ್ಕು ಬದುಕಿಬಿಡಲಿ, ಆಮೇಲೆ ಹೇಳಿದರಾಯಿತು. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಹಾದುಹೋಯಿತು. ತಾನು ಹೊರಡುವಾಗ ಮೂಲೆಯಲ್ಲಿ ಗೀಟು ಇದ್ದದ್ದಂತೂ ಸುಳ್ಳಲ್ಲವಲ್ಲ. ಅವಳು ತಲೆಯಾಡಿಸಿದಳು. "ಇತ್ತು" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇಲ್ಲಿ ಕದಿಯದವರೇ ಮುಟ್ಟಿಕೊಂಡರು. "ಹಾಗಾದ್ರೆ ನಾನೇ" ಎಂದರು ಮಾಸ್ಟರು. "ಕೊಟ್ಟು ಮರೆತು, ಮತ್ತೆ ಕೊಟ್ಟಿದ್ದೀನಿ." ಬೆಕ್ಕಿನ ಉಸಿರು ನಿಂತದ್ದನ್ನು ಮೊದಲು ನೋಡಿದವರು ಡಾಕ್ಟರು. ಮಾಸ್ಟರು ಅದರ ಕಿವಿಯ ಹಿಂದೆ ಸವರುತ್ತಲೇ ಇದ್ದರು. ಮಗಳು ಮೆಲ್ಲಗೆ ಅವರ ಕೈ ಹಿಡಿದು ತೆಗೆಯಬೇಕಾಯಿತು.

ನಾಳೆ ಹೇಳುತ್ತೇನೆ ಎಂದುಕೊಂಡಳು ಕಂಡಕ್ಟ್ರಮ್ಮ. ನಾಳೆ ಎಂಬುದು ನಾಡಿದ್ದಾಯಿತು. ಹೋಗಲೆಂದು ಹೊರಟು ಒಮ್ಮೆ ಆ ಅಂಗಡಿಯ ಮೆಟ್ಟಿಲವರೆಗೂ ಹೋದಳು. ಮೇಲೆ ಮಗಳ ದನಿ ಕೇಳಿ ಹಿಂದಕ್ಕೆ ಬಂದಳು.  ನಾಯಿಯನ್ನು ಅಡ್ಡಾಡಿಸಲು ಹೋಗಿ, ಅದಕ್ಕೆ ಊಟ ಹಾಕುವ ಮುಂಚೆ ಮನೆಯವರನ್ನು ಮೂರು ಮೂರು ಸಲ ಕೇಳಿದಳು. ಅವರು ಬೇಸರಪಟ್ಟುಕೊಂಡರು.

ಆಮೇಲೆ ಮಾಸ್ಟರ ಮಗಳೇ ಫೋನು ಮಾಡಿದಳು. "ಅಪ್ಪನನ್ನ ನಮ್ಮನೆಗೆ ಕರ್ಕೊಂಡು ಹೋಗ್ತಿದ್ದೀನಿ. ಕಾಜಳ ತಟ್ಟೆ, ಬುಟ್ಟಿ ಎಲ್ಲ ಹಾಗೇ ಇದೆ. ನಿಮ್ಮ ಗುಂಪಿಗೆ ಬೇಕಾಗುತ್ತೇನೋ, ಬಂದು ತಗೊಂಡು ಹೋಗ್ತೀರಾ ಅಮ್ಮ?"

ಅವಳು ಓಡಿದಳೆಂದೇ ಹೇಳಬೇಕು. ಮುಂದಿನ ಕೋಣೆ ಆಗಲೇ ಬೋಳಾಗಿತ್ತು. ಯಂತ್ರವನ್ನು ಯಾರೋ ಒಯ್ದಿದ್ದರು. ಅದಿದ್ದ ಜಾಗದಲ್ಲಿ ನೆಲ ಒಂದು ಪಟ್ಟಿ ಹೊಳೆಯುತ್ತಿತ್ತು. ಮಾಸ್ಟರು ಮಂಚದ ತುದಿಯಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೂತಿದ್ದರು. ಮಗಳು ಪಾತ್ರೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು.

"ಮಾಸ್ಟ್ರೇ, ನೀವು ಎರಡು ಸಲ ಕೊಟ್ಟಿಲ್ಲ" ಎಂದಳು ಕಂಡಕ್ಟ್ರಮ್ಮ, ಚಪ್ಪಲಿಯನ್ನೂ ಬಿಡದೆ. "ನೀವು ಕೊಟ್ಟಿದ್ದು ಒಂದೇ ಸಲ. ಎರಡನೇದು ನಾನು ಕೊಟ್ಟೆ. ಫೋನಲ್ಲಿ ಮಾತಾಡ್ತಾ ಮೇಜು ಒರೆಸಿಬಿಟ್ಟೆ. ನಿಮ್ಮ ಗೀಟು ನನ್ನ ಕೈಯಾರೆ ಅಳಿಸಿಹೋಯ್ತು. ಆಮೇಲೆ ನೋಡಿ ಗೀಟು ಇಲ್ಲ ಅಂತ ಚುಚ್ಚಿದೆ. ಕಾಜಳನ್ನ ಕೊಂದಿದ್ದು ನಾನು."

ಕೋಣೆಯಲ್ಲಿ ಪಾತ್ರೆಯ ಸದ್ದು ನಿಂತಿತು.  ಮಾಸ್ಟರು ಬೈದಾರು, ಕೈಗೆ ಸಿಕ್ಕಿದ್ದನ್ನು ಎಸೆದಾರು ಎಂದು ಅವಳು ಕಾದಳು. ಹಾಗೆ ಆಗಲಿ ಎಂದು ಬೇಡಿಕೊಂಡಳು. ಅವರ ಕಣ್ಣಲ್ಲಿ ನೀರು ಬಂತು. ಆದರೆ ಅವರು ನಗುತ್ತಿದ್ದರು.

"ಡಾಕ್ಟರ ಎದುರಿಗೆ ಗೀಟಿತ್ತು ಅಂದ್ರಲ್ಲ ಕಂಡಕ್ಟ್ರಮ್ಮ."

"ಸುಳ್ಳು ಹೇಳಿದೆ. ಹೆದರಿಬಿಟ್ಟೆ."

"ಊಹೂಂ. ಆವತ್ತು ನಿಜ ಹೇಳಿದ್ರಿ. ಇವತ್ತು ಸುಳ್ಳು ಹೇಳ್ತಿದ್ದೀರಿ, ನನ್ನ ಮರ್ಯಾದೆ ಉಳಿಸೋಕೆ." ಅವರು ಅವಳ ಕೈ ಹಿಡಿದುಕೊಂಡರು. "ಈ ಪಾಪ ನೀವ್ಯಾಕೆ ಹೊರ್ತೀರಿ? ನಿಮಗೂ ಮಕ್ಕಳು ಮರಿ ಇದಾರೆ. ನಿನ್ನೆ ನಲ್ಲಿ ನಿಲ್ಲಿಸದೆ ಬಂದಿದ್ದೆ, ಗೊತ್ತಾ? ಮೊನ್ನೆ ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕಿದೆ. ಮಗಳು ಹೇಳ್ತಾನೇ ಇದ್ಲು. ನಾನೇ ಒಪ್ಪಲಿಲ್ಲ. ಒಪ್ಪಿದ್ರೆ ಕಾಜ ಉಳೀತಿತ್ತು."

"ಅಯ್ಯೋ, ಕನ್ನಡಕ ಎಲ್ಲರೂ ಮರೀತಾರೆ ಮಾಸ್ಟ್ರೇ! ನನ್ನ ಮಾತು ಕೇಳಿ, ನಿಮ್ಮ ಕಾಲಿಗೆ ಬೀಳ್ತೀನಿ. ನಿಮ್ಮ ತಲೆ ಸರಿ ಇದೆ." ಅವಳು ಮಗಳ ಕಡೆ ತಿರುಗಿದಳು. "ನೀನಾದ್ರೂ ನಂಬಮ್ಮ."

ಮಗಳು ಹತ್ತಿರ ಬಂದು ಅವಳ ಹೆಗಲು ಮುಟ್ಟಿದಳು. ದನಿ ತಗ್ಗಿಸಿ, "ನಿಮ್ಮದು ದೊಡ್ಡ ಮನಸ್ಸು ಅಮ್ಮ" ಎಂದಳು. "ಆದ್ರೆ ಹೀಗೆಲ್ಲ ಹೇಳಿದ್ರೆ ಅಪ್ಪ ಮತ್ತೆ ಇಲ್ಲೇ ಇರ್ತೀನಿ ಅಂತಾರೆ. ಇಷ್ಟು ದಿನಕ್ಕೆ ಒಪ್ಪಿದ್ದಾರೆ. ದಯವಿಟ್ಟು ಬಿಟ್ಬಿಡಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಉರಿಯುವ ಆ ಒಲೆಯ ಮುಂದೆ ಕಂಡಕ್ಟ್ರಮ್ಮ ನಿಂತಳು. ಇನ್ನೆಷ್ಟು ಆಣೆ ಇಟ್ಟರೂ ಅದು ಅವಳ ಒಳ್ಳೆಯತನದ ಖಾತೆಗೇ ಹೋಗುತ್ತಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಡಬ್ಬಗಳು ಕೆಳಗಿಳಿದವು. ಮಗಳು ಕಾರಿನ ಬಾಗಿಲು ತೆರೆದು ಹಿಡಿದಳು. ಕಂಡಕ್ಟ್ರಮ್ಮ ಬೆಕ್ಕಿನ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಾಸ್ಟರ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಅರ್ಧ ಇಳಿದವರು ನಿಂತರು.

"ಗ್ಯಾಸ್ ಆಫ್ ಮಾಡಿದ್ನಾ?"

"ಮಾಡಿದ್ರಿ ಮಾಸ್ಟ್ರೇ. ಈಗ ತಾನೇ ಮಾಡಿದ್ರಿ, ನಾನೇ ನೋಡಿದೆ."

"ಒಂದು ಸಲ ನೋಡ್ಕೊಂಡು ಬನ್ನಿ. ನನ್ನನ್ನ ನಂಬೋ ಹಾಗಿಲ್ಲ."

ಅವಳು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಹತ್ತಿ ಹೋದಳು. ಬರಿದಾದ ಹಿಂದಿನ ಕೋಣೆಯಲ್ಲಿ ಒಲೆ ತಣ್ಣಗಿತ್ತು. ಗ್ಯಾಸಿನ ಗುಬುಟನ್ನು ತಿರುಗಿಸಿ ನೋಡಿದಳು. ಇನ್ನು ಒಂದು ಕೂದಲೆಳೆಯಷ್ಟೂ ತಿರುಗದ ಹಾಗೆ ಅವರು ಅದನ್ನು ಬಿಗಿಮಾಡಿದ್ದರು. ಪಕ್ಕದ ನಲ್ಲಿಯೂ ಹಾಗೇ ಬಿಗಿಯಾಗಿತ್ತು. ಅವಳು ಇಳಿದು ಬಂದಾಗ ಮಾಸ್ಟರು ಗೋಡೆ ಹಿಡಿದು ಅಲ್ಲೇ ನಿಂತು, ಅವಳ ಮುಖವನ್ನೇ ನೋಡುತ್ತಿದ್ದರು.

"ಆಫ್ ಆಗಿದೆ" ಎಂದಳು.

"ಕಣ್ಣಾರೆ ನೋಡಿದ್ರಾ?"

"ನೋಡಿದೆ."

"ನೀವು ಹೇಳಿದ ಮೇಲೆ ಮುಗೀತು ಬಿಡಿ" ಎಂದು ಮಾಸ್ಟರು ಮುಂದಿನ ಮೆಟ್ಟಿಲಿಗೆ ಕಾಲು ಚಾಚಿ, ಅದು ಅಲ್ಲಿದೆಯೋ ಇಲ್ಲವೋ ಎಂದು ಬೆರಳ ತುದಿಯಿಂದ ತಡವಿದರು.