ಯೋಸೇಫನೂ ನಾನೇ, ಓಡಿಹೋದ ಮಗನೂ ನಾನೇ

ನಾನು ಒಂದು ಕಾಗದದ ಮನುಷ್ಯ. ಗೇಣುದ್ದ ಇದ್ದೇನೆ. ಬೆನ್ನಿಗೆ ಫ್ಲಾನೆಲ್ ಬಟ್ಟೆಯ ತುಂಡೊಂದನ್ನು ಅಂಟಿಸಿದ್ದಾರೆ. ಅದೇ ಬಟ್ಟೆ ಹೊದಿಸಿದ ಹಲಗೆಯ ಮೇಲೆ ಒತ್ತಿದರೆ ನಿಲ್ಲುತ್ತೇನೆ, ಫ್ಯಾನು ಹಾಕಿದರೆ ಬೀಳುತ್ತೇನೆ. ನನ್ನ ವಿದ್ಯೆ ಇಷ್ಟೇ. ಆದರೆ ಈ ವಿದ್ಯೆಯಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಭಾವಿಗೆ ಬಿದ್ದಿದ್ದೇನೆ, ಮಾರಾಟವಾಗಿದ್ದೇನೆ, ಸೆರೆಮನೆ ಕಂಡಿದ್ದೇನೆ, ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಅರೆಜೀವವಾಗಿ ಮಲಗಿದ್ದೇನೆ, ಹಂದಿ ಕಾಯ್ದಿದ್ದೇನೆ. ಎಲ್ಲವೂ ಭಾನುವಾರ ಬೆಳಿಗ್ಗೆ, ಆರಾಧನೆಯ ಗಂಟೆ ಹೊಡೆಯುವುದರೊಳಗೆ. ದಣಿದಿದ್ದೇನೆ ಎಂದರೆ ಯಾರೂ ನಗಬಾರದು.

ಹುಟ್ಟಿದಾಗ ನಾನು ಒಬ್ಬಂಟಿಯಲ್ಲ. ದೊಡ್ಡ ಹಾಳೆಯೊಂದರ ತುಂಬ ನಾವೆಲ್ಲ ಒತ್ತೊತ್ತಾಗಿ ಅಚ್ಚಾಗಿದ್ದೆವು. ರಾಜರು, ಕುರುಬರು, ಮೀನುಗಾರರು, ಒಂಟೆಗಳು, ಕುರಿಗಳು, ಒಬ್ಬ ರಾಕ್ಷಸನಂಥ ಗೊಲ್ಯಾತ. ಪಟ್ಟಿ ಪಟ್ಟಿ ಬಣ್ಣದ ಅಂಗಿ ತೊಟ್ಟ ನಾನು ಯೋಸೇಫ, ಅಣ್ಣಂದಿರೇ ಹೊಟ್ಟೆಕಿಚ್ಚಿಗೆ ಭಾವಿಗೆ ಎಸೆದು ಐಗುಪ್ತ ದೇಶಕ್ಕೆ ಮಾರಿದ ಹುಡುಗ. ಬೆಟಗೇರಿಯ ಕ್ರೈಸ್ತ ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುತ್ತಿದ್ದ ಎಸ್ತೇರಮ್ಮ ಆ ಹಾಳೆಯನ್ನು ತರಿಸಿ, ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಮುಂದೆ ಕೂಡಿಸಿಕೊಂಡು ನಮ್ಮನ್ನು ಬಿಡಿಸಿದರು. ದೊಡ್ಡವಳು ಮನೋರಮಾ ಕತ್ತರಿ ಹಿಡಿದಿದ್ದಳು. ನಾಲಿಗೆ ಕಚ್ಚಿಕೊಂಡು, ಗೆರೆ ಬಿಟ್ಟು ಒಂದು ಎಳೆಯಷ್ಟೂ ಆಚೀಚೆ ಆಗದಂತೆ ನನ್ನನ್ನು ಕತ್ತರಿಸಿದಳು. ಚಿಕ್ಕವಳು ಲಿಲ್ಲಿಯ ಪಾಲಿಗೆ ಮೈದಾ ಅಂಟು. ಅವಳು ಅರ್ಧ ಅಂಟನ್ನು ಕೈಗೂ ಲಂಗಕ್ಕೂ ಬಳಿದುಕೊಂಡು, ಗೊಲ್ಯಾತನಿಗೆ ಬೆನ್ನಿನ ಬದಲು ಮುಖಕ್ಕೇ ಬಟ್ಟೆ ಅಂಟಿಸಿಬಿಟ್ಟಳು. ಅಂದಿನಿಂದ ನಮ್ಮ ಸಭೆಯ ಗೊಲ್ಯಾತ ಯಾವತ್ತೂ ಗೋಡೆಗೆ ಮುಖ ಮಾಡಿಯೇ ಯುದ್ಧಕ್ಕೆ ನಿಂತ. ಅಕ್ಕ ಬೈದಳು, ತಂಗಿ ಅತ್ತಳು, ಅವ್ವ ನಕ್ಕರು.

ಎಸ್ತೇರಮ್ಮನವರ ಪಾಠದ ರೀತಿಯೇ ಬೇರೆ. ಒಂದು ಭಾನುವಾರ ಅವರು ಕಥೆ ಹೇಳುವರು. ಮುಂದಿನ ಭಾನುವಾರ ಒಂದು ಮಗು ಎದ್ದು ಬಂದು, ನಮ್ಮನ್ನು ಹಲಗೆಗೆ ಹಚ್ಚಿ, ಅದೇ ಕಥೆಯನ್ನು ತಿರುಗಿ ಹೇಳಬೇಕು. "ಬಾಯಿಪಾಠ ಬ್ಯಾಡ. ನಿನ್ನ ಮಾತಿನಾಗ ಹೇಳು," ಎನ್ನುವರು. ಉಳಿದವರಿಗೆ ಒಂದೇ ಕಟ್ಟಳೆ. "ಒಬ್ರು ಮಾತಾಡಾಕತ್ತಾಗ ನಡುವ ಬಾಯಿ ಹಾಕಬಾರ್ದು. ನಾನೂ ಹಾಕಂಗಿಲ್ಲ." ತೊದಲುವ ಮಕ್ಕಳು, ಅಂಗಿಯ ತುದಿ ಹಿಂಡುತ್ತ ನಿಲ್ಲುವ ಮಕ್ಕಳು, ಎಲ್ಲರೂ ನನ್ನನ್ನು ಹಿಡಿದುಕೊಂಡೇ ಮಾತು ಕಲಿತರು. ಅವರ ಬೆವರಿಗೆ ನನ್ನ ಒಂದು ಕಾಲಿನ ಬಣ್ಣ ಹೋಯಿತು.

ಎಸ್ತೇರಮ್ಮನವರಿಗೆ ವಯಸ್ಸಾದ ಮೇಲೆ ತರಗತಿ ಮನೋರಮಾಳ ಕೈಗೆ ಬಂತು. ಅಷ್ಟರೊಳಗೆ ನನ್ನ ಜೊತೆಗಾರರಲ್ಲಿ ಬಹಳ ಮಂದಿ ಇಲ್ಲವಾಗಿದ್ದರು. ದಾವೀದನನ್ನು ಇಲಿ ತಿಂದಿತು. ಅಪ್ಪನ ಹತ್ತಿರ ಪಾಲು ಇಸಕೊಂಡು ಓಡಿಹೋಗಿ, ಹಂದಿ ಕಾಯ್ದು, ತಪ್ಪಾಯಿತೆಂದು ತಿರುಗಿ ಬಂದ ಮಗನ ಕಥೆ ನಿಮಗೆ ಗೊತ್ತಲ್ಲ, ಆ ಮಗ ಒಂದು ದಿನ ಗಾಳಿಗೆ ಕಿಟಕಿಯಿಂದ ಹಾರಿ ನಿಜವಾಗಿಯೂ ಓಡಿಹೋದ, ತಿರುಗಿ ಬರಲಿಲ್ಲ. ಹರೆಯದ ಗಂಡಾಳು ಎಂದು ಉಳಿದವನು ನಾನೊಬ್ಬನೇ. ಹಾಗಾಗಿ ಎಲ್ಲ ವೇಷವೂ ನನ್ನ ಹೆಗಲಿಗೆ ಬಿತ್ತು. "ಇವತ್ತ ಇವ ದಾವೀದ ಅಂತ ತಿಳ್ಕೊಳ್ರಿ," ಎನ್ನುವಳು ಮನೋರಮಾ. ಮಕ್ಕಳು ತಿಳಿದುಕೊಳ್ಳುತ್ತಿದ್ದರು. ಮುಂದಿನ ತಿಂಗಳು "ಇವತ್ತ ಇವ ಓಡಿಹೋದ ಮಗ" ಎನ್ನುವಳು. ಅದನ್ನೂ ತಿಳಿದುಕೊಳ್ಳುತ್ತಿದ್ದರು. ಹಳೆಯದನ್ನು ಮರೆಯಿರಿ ಎಂದು ಮಾತ್ರ ಅವಳೂ ಹೇಳಲಿಲ್ಲ, ಅವರೂ ಮರೆಯಲಿಲ್ಲ.

ಇನ್ನು ಅಕ್ಕತಂಗಿಯರ ವಿಷಯ ಹೇಳಬೇಕು. ಎಸ್ತೇರಮ್ಮ ಹಾಸಿಗೆ ಹಿಡಿದದ್ದು ಮನೋರಮಾಳ ಮನೆಯಲ್ಲಿ. ಲಿಲ್ಲಿ ಆಗ ಗಂಡನ ರೈಲ್ವೆ ನೌಕರಿಯೆಂದು ಹುಬ್ಬಳ್ಳಿಯಲ್ಲಿದ್ದಳು. ಅವ್ವ ತೀರಿದ ಸುದ್ದಿ ತಡವಾಗಿ ಸಿಕ್ಕಿ ಅವಳು ಓಡಿ ಬರುವಷ್ಟರಲ್ಲಿ ಶವದ ಪೆಟ್ಟಿಗೆ ಕುಣಿಗೆ ಇಳಿದಾಗಿತ್ತು. ಸಮಾಧಿಯ ಬಳಿ, ಸಭೆಯವರೆಲ್ಲರ ಎದುರಿಗೆ, "ನೀ ಬೇಕಂತ ನನಗ ತಡಾ ಮಾಡಿ ತಿಳಿಸಿದಿ," ಎಂದಳು ಲಿಲ್ಲಿ. "ನೋಡಬೇಕನ್ನೋ ಜೀವ ಇದ್ರ ಮೊದ್ಲ ಬರ್ತಿದ್ದಿ," ಎಂದಳು ಮನೋರಮಾ. ಅದೇ ಕೊನೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೆಲವು ವರ್ಷಗಳ ಮೇಲೆ ಗಂಡ ತೀರಿಕೊಂಡು ಲಿಲ್ಲಿ ಬೆಟಗೇರಿಗೇ ಬಂದಳು. ಸಭೆಯ ಪಾದ್ರಿಗಳು ದೊಡ್ಡ ಮಕ್ಕಳ ತರಗತಿಯನ್ನು ಅವಳಿಗೆ ಕೊಟ್ಟರು. ಪಾಪ, ಅವರು ಒಳ್ಳೆಯದನ್ನೇ ಎಣಿಸಿದ್ದರು. ತರಗತಿಗಳು ನಡೆಯುವ ಕೋಣೆ ಒಂದೇ, ನಡುವೆ ಒಂದು ಪರದೆ. ಈಚೆ ಮನೋರಮಾ ಸಣ್ಣವರಿಗೆ ಕ್ಷಮಿಸುವುದನ್ನು ಕಲಿಸುವಳು, ಆಚೆ ಲಿಲ್ಲಿ ದೊಡ್ಡವರಿಗೆ ಅದನ್ನೇ ಕಲಿಸುವಳು. ಹಲಗೆ ಒಂದೇ, ನಮ್ಮನ್ನು ಇಡುವ ಪೆಟ್ಟಿಗೆಯೂ ಒಂದೇ. ಅದು ಆಚೀಚೆ ಹೋಗಬೇಕಾದರೆ ಮಧ್ಯದಲ್ಲಿ ಒಂದು ಮಗು ಬೇಕು. ಮಕ್ಕಳ ಬಾಯಲ್ಲಿ ಟೀಚರೆಂದರೆ ಅಕ್ಕೋರು, ಇಬ್ಬರೂ ಅಕ್ಕೋರೇ.

"ಅಕ್ಕೋರ, ಆ ಅಕ್ಕೋರು ಪೆಟ್ಟಿಗಿ ಕೇಳ್ಯಾರ."

"ಇನ್ನಾ ಮುಗಿದಿಲ್ಲಂತ ಹೇಳು ಅವರಿಗೆ."

ಮೂರು ಹೆಜ್ಜೆಯಾಚೆ ನಿಂತ ತಂಗಿಗೆ ಈ ಮಾತು ಮಗುವಿನ ಬಾಯಿಂದಲೇ ಹೋಗಬೇಕು. ಬೇರೆ ಮಕ್ಕಳು ಇದನ್ನೂ ಪಾಠದ ಒಂದು ಭಾಗವೆಂದೇ ತಿಳಿದಿದ್ದರು.

ನನ್ನ ಸಂಕಟ ಕೇಳಿ. ತರಗತಿ ಮುಗಿದು ಮಕ್ಕಳು ಹೋದ ಮೇಲೆ ಮನೋರಮಾ ನನ್ನನ್ನು ಹಲಗೆಯಿಂದ ಬಿಡಿಸುತ್ತ ನಿಟ್ಟುಸಿರು ಬಿಡುವಳು. "ನಿಂದೂ ನಂದೂ ಒಂದ ಹಣೇಬರಾ ನೋಡಪಾ. ನಮ್ಮೋರ ನಮ್ಮನ್ನ ಭಾವಿಗೆ ಒಗದ್ರು." ಮುಂದಿನ ವಾರ ಪರದೆಯ ಆಚೆ ಲಿಲ್ಲಿ ಅದೇ ರೀತಿ ನನ್ನನ್ನು ಬಿಡಿಸುತ್ತ, "ಒಡಹುಟ್ಟಿದೋರು ಹಿಂಗ ಮಾಡಿದ್ರ ಯಾರ ಮುಂದ ಹೇಳೂದು, ಯೋಸೇಫಾ?" ಎನ್ನುವಳು. ಇಬ್ಬರೂ ಯೋಸೇಫರೇ. ತಪ್ಪು ಮಾಡಿದ ಅಣ್ಣಂದಿರ ವೇಷಕ್ಕೆ ಇಬ್ಬರಲ್ಲಿ ಯಾರೂ ತಯಾರಿಲ್ಲ. ನನಗೆ ಎರಡೂ ಕಡೆಯ ಮಾತು ಗೊತ್ತಿತ್ತು, ಬಾಯಿ ಮಾತ್ರ ಅಚ್ಚಿನದು. ಎಷ್ಟು ಬೇಸರವಾಗುತ್ತಿತ್ತೆಂದರೆ, ಹಂದಿ ಕಾಯುವುದೇ ಇದಕ್ಕಿಂತ ವಾಸಿ ಅನಿಸುತ್ತಿತ್ತು.

ಹೀಗಿರುವಾಗ ಲಿಲ್ಲಿ ಊರು ಬಿಡುವ ಸುದ್ದಿ ಬಂತು. ಬಳ್ಳಾರಿಯ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಹೋಗುವವಳು ಅಲ್ಲಿಯೇ ನಿಲ್ಲುವವಳಿದ್ದಳು. ಮಕ್ಕಳ ಭಾನುವಾರವೇ ಅವಳ ಕಡೆಯ ಭಾನುವಾರ. ಆ ದಿನ ಆರಾಧನೆಯನ್ನು ಮಕ್ಕಳೇ ನಡೆಸುತ್ತಾರೆ. ಮನೋರಮಾಳಿಗೂ ಸುದ್ದಿ ಮುಟ್ಟಿತು. ಆ ವಾರ ಅವಳು ಪೆಟ್ಟಿಗೆಯನ್ನು ತೆರೆದು ಸುಮ್ಮನೆ ಕೂತದ್ದನ್ನು ನೋಡಿದ್ದೇನೆ. ಇವಳು ಹೀಗೆ ಹೋಗಿಬಿಟ್ಟರೆ ಇನ್ನು ನಾವು ಒಬ್ಬರನ್ನೊಬ್ಬರು ಕಾಣುವುದು ಯಾರಾದರೊಬ್ಬರ ಮಣ್ಣಿಗೇ ಎಂದು ಅವಳಿಗೂ ತಿಳಿದಿತ್ತು. ಆದರೂ ಮೊದಲು ಬಾಯಿ ಬಿಡುವವರು ಯಾರು?

ಮಕ್ಕಳ ಭಾನುವಾರ ಯೋಸೇಫನ ಕಥೆ ಹೇಳುವುದಕ್ಕೆ ಬ್ಯೂಲಾಳನ್ನು ಆರಿಸಿದ್ದರು. ಬ್ಯೂಲಾ ಒಂದನೇ ತರಗತಿಯ ಹುಡುಗಿ, ಮುಂದಿನ ಹಲ್ಲು ಬಿದ್ದವಳು, ಬಾಯಿಬಡಕಿ. ಮೈಕು ಇಲ್ಲದೆಯೂ ಅವಳ ದನಿ ಹೊರಗಿನ ಮಗ್ಗದ ಸಪ್ಪಳವನ್ನು ದಾಟುತ್ತಿತ್ತು. ಹಲಗೆಯನ್ನು ದೇವಾಲಯದ ಮುಂಭಾಗದಲ್ಲಿ ನಿಲ್ಲಿಸಿದರು. ಅದರ ಈ ಬದಿಗೆ ಮನೋರಮಾ, ಆ ಬದಿಗೆ ತನ್ನ ತರಗತಿಯ ದೊಡ್ಡ ಮಕ್ಕಳೊಂದಿಗೆ ಲಿಲ್ಲಿ.

"ಎಲ್ಲಾರಿಗೂ ವಂದನೆಗಳು," ಎಂದಳು ಬ್ಯೂಲಾ. ನನ್ನನ್ನು ಹಲಗೆಗೆ ಹಚ್ಚಿ ಅಂಗೈಯಿಂದ ಗುದ್ದಿದಳು. "ಇವ ಯೋಸೇಫ. ಇವಗ ಅಣ್ಣದೇರು ಅದಾರ. ಅವರಿಗೆ ಇವನ್ನ ಕಂಡ್ರ ಆಗಂಗಿಲ್ಲ. ಯಾಕಂದ್ರ ಇವಗ ಛಲೋ ಅಂಗಿ ಐತಿ. ಇವ ಏನ್ ಮಾಡಿದಾ, ಅಪ್ಪನ ಕೂಡ ವಾದ ಹಾಕಿ, ತನ್ನ ಪಾಲು ಇಸಕೊಂಡು, ಹೇಳದ ಕೇಳದ ಹೋಗಿಬಿಟ್ಟ."

ಮನೋರಮಾ ಬೆಚ್ಚಿ ತಲೆಯೆತ್ತಿದಳು. ಲಿಲ್ಲಿಯ ತರಗತಿಯ ಹುಡುಗನೊಬ್ಬ ಕಿಸಕ್ಕನೆ ನಕ್ಕ.

"ಅಣ್ಣದೇರು ಸಿಟ್ಟಿಗೆದ್ದು ಇವನ್ನ ಹಿಡದು ಭಾವಿಗೆ ಒಗದ್ರು, ಮಾರಿದ್ರು. ಐಗುಪ್ತಕ್ಕ ಹೋಗಿ ಹಂದಿ ಕಾಯ್ದ."

"ಏ, ಅವ ಬ್ಯಾರೆ! ಇವ ಬ್ಯಾರೆ!" ಎಂದು ನಕ್ಕ ಹುಡುಗ ಕೂಗಿದ.

"ಬ್ಯಾರೆ ಎಲ್ಲೆ? ಮಾರಿ ನೋಡು, ಅಂಗಿ ನೋಡು. ಅವನ ಇವ!" ಎಂದಳು ಬ್ಯೂಲಾ. ಸಭೆಯಲ್ಲಿ ನಗು ಎದ್ದಿತು. ಮನೋರಮಾ ತಿದ್ದುವುದಕ್ಕೆಂದು ಎದ್ದು ನಿಂತಳು.

"ಬ್ಯೂಲಾ, ತಡಿ, ಅದು..."

"ಅಕ್ಕೋರ, ನನ್ನ ಮಾತು ಇನ್ನಾ ಮುಗಿದಿಲ್ರಿ."

ನಗು ಇನ್ನೂ ಜೋರಾಯಿತು. ಮನೋರಮಾ ಬೇರೆ ದಾರಿಯಿಲ್ಲದೆ ಕೂತಳು. ಅವ್ವನ ಕಟ್ಟಳೆಯನ್ನು ಅಷ್ಟು ವರ್ಷ ಮಕ್ಕಳಿಗೆ ಕಲಿಸಿದವಳು ಅವಳೇ.

"ಆಮ್ಯಾಲ ಇವ ದೊಡ್ಡ ಸಾಹೇಬ ಆದ. ಊರಾಗ ಬರಗಾಲ ಬಿದ್ದು ಅಣ್ಣದೇರು ಜ್ವಾಳಾ ಕೇಳಾಕ ಬಂದ್ರು. ನಮ್ಮದು ತಪ್ಪಾತು ಅಂದ್ರು. ಇವನೂ ನಂದೂ ತಪ್ಪಾತು ಅಂದ. ಮಾಡಿದ್ನಲ್ಲ ಇವನೂ! ಎಲ್ಲಾರೂ ತೆಕ್ಕಿ ಬಡಕೊಂಡು ಅತ್ರು. ಯಾರ ತಪ್ಪು ದೊಡ್ಡದು ಅಂತ ಅಪ್ಪ ಕೇಳಲೇ ಇಲ್ಲ. ಊಟಕ್ಕ ಬರ್ರಿ ಅಂದ. ಮುಗೀತು."

ಜನ ನಗುತ್ತಲೇ ಚಪ್ಪಾಳೆ ತಟ್ಟಿದರು. ನಾನು ಇರುವ ಎತ್ತರದಿಂದ ಅಕ್ಕತಂಗಿಯರಿಬ್ಬರೂ ಕಾಣುತ್ತಿದ್ದರು. ಅವರಿಬ್ಬರೇ ನಗಲಿಲ್ಲ. ಇಬ್ಬರೂ ನನ್ನನ್ನು ನೋಡುತ್ತಿದ್ದರು, ಮೊದಲ ಸಲ ನೋಡುವವರ ಹಾಗೆ.

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಬಂದು, "ಅಕ್ಕೋರ, ಹೊಸಾ ಚಿತ್ರ ತರಸೂಣು. ಹುಡುಗ್ರು ಬೈಬಲ್ಲಿನ ಕಥಿ ಕಲಸುಮೇಲೋಗರ ಮಾಡಾಕತ್ತಾವು," ಎಂದರು. ಮನೋರಮಾ ತಲೆಯಾಡಿಸಿದಳು. ನನ್ನ ನೌಕರಿ ಅಲ್ಲಿಗೆ ಮುಗಿಯಿತೆಂದು ಆಗಲೇ ಗೊತ್ತಾಯಿತು. ದುಃಖವೇನೂ ಆಗಲಿಲ್ಲ. ಸಾಕಾಗಿತ್ತು.

ಹಲಗೆಯನ್ನು ತರಗತಿಯ ಕೋಣೆಗೆ ತಂದಿಟ್ಟು ಮಕ್ಕಳು ಹೋದರು. ಲಿಲ್ಲಿ ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಹೇಳಿ ಕಳಿಸುವುದಕ್ಕೆ ಒಂದು ಮಗುವೂ ಉಳಿದಿರಲಿಲ್ಲ. ಮನೋರಮಾ ತಾನೇ ಪರದೆ ಸರಿಸಿದಳು.

"ಲಿಲ್ಲಿ."

ಲಿಲ್ಲಿಯ ಕೈ ನಿಂತಿತು. ಅವಳು ತಿರುಗಲಿಲ್ಲ.

"ನಾ ಬೇಕಂತನ ತಡಾ ಮಾಡಿದೆ. ಅವ್ವ ಇನ್ನ ಉಳಿಯಂಗಿಲ್ಲ ಅಂತ ಹಿಂದಿನ ದಿನಾನ ಡಾಕ್ಟ್ರು ಹೇಳಿದ್ರು. ನಾ ಫೋನ್ ಹಚ್ಚಲಿಲ್ಲ."

ಲಿಲ್ಲಿ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟಳು. "ಅವ್ವಗ ಭಾಳ ಜಡ್ಡಾಗೇದಂತ ನನಗ ಮೊದ್ಲ ಗೊತ್ತಿತ್ತಕ್ಕಾ. ನೀ ಬಾಯಿಬಿಟ್ಟು ಕರೀಲಿ, ಆಮ್ಯಾಲ ಹೋಗೂಣು ಅಂತ ಕುಂತಿದ್ದೆ." ಆಮೇಲೆ ತಿರುಗಿದಳು. "ಒಂದು ಕೇಳತೀನಿ. ಸುಳ್ಳು ಹೇಳಬ್ಯಾಡ. ಅವ್ವ ಕಡೀಕ ನನ್ನ ನೆನಸಿದ್ಲೇನು?"

ಮನೋರಮಾ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕೂತಳು.

"ನಿನ್ನನ್ನ ನೆನಸಿದ್ಲು. ಕಣ್ಣು ಹೋಗಿದ್ವು ಆಕಿಗೆ. ಲಿಲ್ಲಿ ಬಂದ್ಲೇನು, ಲಿಲ್ಲಿ ಬಂದ್ಲೇನು ಅಂತ ಒಂದ ಸವನ ಕೇಳತಿದ್ಲು. ವರ್ಷಗಟ್ಲೆ ಎತ್ತಿ ಇಳಿಸಿ, ಹೊಲಸು ಬಳದಾಕಿ ನಾ. ನನ್ನ ಹೆಸರು ಒಮ್ಮೆನೂ ಬರಲಿಲ್ಲ ಆಕಿ ಬಾಯಾಗ. ಅದ ಸಿಟ್ಟಿಗೆ ನಿನಗ ಫೋನ್ ಹಚ್ಚಲಿಲ್ಲ. ಕಡೀಕ ನೋಡಲಾರದ, ಕೈ ಹಿಡದು, ಹೂಂ ಅವ್ವಾ, ನಾ ಲಿಲ್ಲಿ, ಬಂದೀನಿ ಅಂದೆ. ನನ್ನ ಮಾರಿ ಸವರಿ, ಬಂದೀ ತಾಯಿ ಅಂದ್ಲು. ಅಷ್ಟ. ಜೀವ ಬಿಟ್ಲು." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಸುಳ್ಳು ಹೇಳಬ್ಯಾಡ್ರಿ ಅಂತ ಹುಡುಗ್ರಿಗೆ ಕಲಿಸಾಕಿ ನಾ. ಇದನ್ನ ಯಾರ ಮುಂದ ಹೇಳಲಿ?"

ಲಿಲ್ಲಿ ಬಂದು ಪಕ್ಕದಲ್ಲಿ ಕೂತಳು. "ಹಂಗಾರ ಅವ್ವ ನಾ ಬಂದೀನಿ ಅಂತ ತಿಳಕೊಂಡ ಹೋದ್ಲು."

"ಹೂಂ."

"ನಾ ಮಾಡಬೇಕಾದದ್ದನ್ನೂ ನೀನ ಮಾಡಿದಿ, ಅಕ್ಕಾ." ಅಕ್ಕನ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿ ಹಿಡಿದಳು. ಮುಂದಿನ ಮಾತು ನನಗೆ ಕೇಳಿಸಲಿಲ್ಲ. ಇಬ್ಬರೂ ಜೋರಾಗಿ ಅಳುತ್ತಿದ್ದರು.

ಲಿಲ್ಲಿ ಬಳ್ಳಾರಿಗೆ ಹೋದಳು. ಹೋಗುವ ಹಿಂದಿನ ದಿನ ಅಕ್ಕನ ಮನೆಯಲ್ಲಿಯೇ ಉಂಡು ಮಲಗಿದಳಂತೆ. ಹಾಗೆಂದು ಬ್ಯೂಲಾ ಊರಿಗೆಲ್ಲ ಸಾರಿದಳು. ಹೊಸ ಚಿತ್ರಗಳು ಬಂದವು. ಈಗ ಯೋಸೇಫನಿಗೆ ಒಬ್ಬ, ದಾವೀದನಿಗೆ ಒಬ್ಬ, ಓಡಿಹೋದ ಮಗನಿಗೆ ಒಬ್ಬ. ಮಕ್ಕಳು ಕಥೆಗಳನ್ನು ತಪ್ಪಿಲ್ಲದೆ ಹೇಳುತ್ತಾರೆ. ನಾನು ತರಗತಿಯ ಕೋಣೆಯ ತಗಡಿನ ಕಪಾಟಿನಲ್ಲಿ, ಹಳೆಯ ಹಾಜರಿ ಪುಸ್ತಕಗಳ ಕೆಳಗೆ, ಒಂದು ಕಾಲು ಮಡಚಿಕೊಂಡು ಮಲಗಿದ್ದೇನೆ.

ಇಲ್ಲಿ ಯೋಚಿಸುವುದಕ್ಕೆ ಹೊತ್ತು ಬೇಕಾದಷ್ಟಿದೆ. ಜೀವಮಾನವೆಲ್ಲ ಬೇರೆಯವರ ಹೆಸರಿನಲ್ಲಿ ನಿಂತೆ ಎಂದು ನಾನು ಗೊಣಗುತ್ತಿದ್ದೆ. ನನ್ನದೇನು, ಕಾಗದದ ಮೈ, ಹಚ್ಚಿದರು, ಬಿಡಿಸಿದರು. ಮನೋರಮಾ ಒಂದೇ ಒಂದು ಸಲ, ಸಾಯುತ್ತಿದ್ದ ಅವ್ವನ ಮುಂದೆ, ತಂಗಿಯ ಹೆಸರಿನಲ್ಲಿ ಕೂತಳು. ನನಗಿಂತ ಹೆಚ್ಚು ದಣಿದವಳು ಅವಳೇ.