ಟೀಚರಮ್ಮ ಹಿಡಿದ ತೋಳು

ವೆಲ್ಡಿಂಗ್ ಕಲಿಸುವ ಟೀಚರಮ್ಮನಿಗೆ ಹೇಳಿ ಹೇಳಿ ಗಂಟಲು ಒಣಗಿಹೋಗಿತ್ತು. ತರಬೇತಿ ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ಹನ್ನೆರಡು ಹುಡುಗ ಹುಡುಗಿಯರು. ಒಬ್ಬೊಬ್ಬರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರೇ. ಅದರಲ್ಲೂ ಎಲ್ಲರೂ ‘ಪಟಾಕಿ’ ಎಂದು ಕರೆಯುವ ಎರಡು ಜಡೆಯ ಹುಡುಗಿ, ಕಪ್ಪು ಗಾಜಿನ ಮುಖಕವಚವನ್ನು ಹಣೆಯ ಮೇಲೇರಿಸಿ, ಕಣ್ಣು ಕಿರಿದು ಮಾಡಿಕೊಂಡು ಕಿಡಿ ಹಾರಿಸಿಯೇಬಿಡುತ್ತಿದ್ದಳು.

“ಒಂದೇ ಒಂದು ಚುಕ್ಕೆ ಬೆಸುಗೆ ಟೀಚರ್! ಅಷ್ಟಕ್ಕೇ ಏನಾಗುತ್ತೆ? ಬೇಕಾದ್ರೆ ಕೂಲಿಂಗ್ ಗ್ಲಾಸ್ ಹಾಕ್ಕೋತೀನಿ.”

“ಅದು ಫೋಟೋಗೆ ಚೆಂದ ಕಣೇ. ಈ ಕಿಡೀಲಿ ಕಣ್ಣಿಗೆ ಕಾಣದೆ ಇರೋ ಬೆಳಕೂ ಇದೆ, ಸುಟ್ಟುಬಿಡುತ್ತೆ. ಸುಟ್ಟಾಗ ಗೊತ್ತಾಗಲ್ಲ. ಆರೇಳು ಗಂಟೆ ಆದ್ಮೇಲೆ ಗೊತ್ತಾಗೋದು.”

ಯಾರ ಮುಖದಲ್ಲೂ ಹೆದರಿಕೆಯ ಸುಳಿವಿಲ್ಲ.

ಅಷ್ಟರಲ್ಲಿ ಟೀಚರಮ್ಮನ ಯಜಮಾನರು, ಪಕ್ಕದ ಬೀದಿಯ ದರ್ಜಿ, ಮನೆಯಲ್ಲಿ ಮರೆತ ಊಟದ ಡಬ್ಬಿ ಹಿಡಿದು ಬಂದರು. ಕೊರಳಲ್ಲಿ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು.

“ನಮ್ಮ ನಿಶ್ಚಿತಾರ್ಥದ ಕಥೆ ಹೇಳಿಲ್ವಾ ಇವರಿಗೆ?”

“ಡಬ್ಬಿ ಇಟ್ಟು ಸುಮ್ನೆ ಹೊರಡಿ!” ಟೀಚರಮ್ಮ ಗದರಿದರು. ಕಾಲ ಮಿಂಚಿತ್ತು. ಹನ್ನೆರಡು ಜೋಡಿ ಕಿವಿ ಆಗಲೇ ನೆಟ್ಟಗಾಗಿದ್ದವು.

“ಹಿಂದಿನ ದಿನ ನಿಮ್ಮ ಟೀಚರ್ ಕವಚ ಇಲ್ದೆ ನಾಲ್ಕು ಚುಕ್ಕೆ ಹೊಡೆದಿದ್ರು. ಬೆಳಗ್ಗೆ ಎದ್ರೆ ಕಣ್ಣು ಟೊಮ್ಯಾಟೊ! ಮರಳು ತುಂಬಿದ ಹಾಗೆ ಉರಿ, ಧಾರಾಕಾರ ನೀರು. ನಾನೋ, ಪಾಪ, ಈ ಹುಡುಗಿಗೆ ಇಷ್ಟ ಇಲ್ಲ, ಅದಕ್ಕೇ ಅಳ್ತಿದಾಳೆ ಅಂದ್ಕೊಂಡೆ. ‘ಬಲವಂತ ಬೇಡ, ನಾವು ಹೊರಡ್ತೀವಿ’ ಅಂತ ಎದ್ದುಬಿಟ್ಟೆ. ಇವಳು ದಡಕ್ಕನೆ ಎದ್ದು, ಕಣ್ಣು ಬಿಡೋಕೂ ಆಗದೆ, ಕೈಗೆ ಸಿಕ್ಕ ತೋಳು ಹಿಡ್ಕೊಂಡು, ‘ಹೋಗ್ಬೇಡಿ, ನೀವಂದ್ರೆ ನಂಗೆ ಪ್ರಾಣ’ ಅಂದ್ಲು.”

ದರ್ಜಿ ಒಮ್ಮೆ ಉಸಿರೆಳೆದುಕೊಂಡರು. “ಅದು ನಮ್ಮಪ್ಪನ ತೋಳು!”

ಶೆಡ್ಡಿನ ತಗಡು ಹಾರಿಹೋಗುವಂಥ ನಗು. ಪಟಾಕಿ ಹೊಟ್ಟೆ ಹಿಡಿದುಕೊಂಡು, “ಮಾವ ಏನಂದ್ರು ಟೀಚರ್?” ಎಂದಳು.

“ಇನ್ನೇನಂತಾರೆ? ‘ನಂದೂ ಒಪ್ಪಿಗೆ ಇದೆಯಮ್ಮ’ ಅಂದ್ರು,” ಎನ್ನುತ್ತ ಟೀಚರಮ್ಮನೂ ತಡೆಯಲಾರದೆ ನಕ್ಕು ಸ್ಟೂಲಿನ ಮೇಲೆ ಕುಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಎರಡು ದಿನ ಕತ್ತಲೆ ಕೋಣೇಲಿ ಬಿದ್ದಿದ್ದೆ ಕಣ್ರೋ. ನಂಗೆ ವಾಸಿಯಾಯ್ತು. ನನ್ ಜೊತೆ ಕೆಲಸ ಮಾಡ್ತಿದ್ದೋನು ವರ್ಷಗಟ್ಟಲೆ ಹಾಗೇ ಮಾಡಿದ. ಈಗ ಮೊಮ್ಮಗಳ ಮುಖ ಅವನಿಗೆ ಮಸುಕು ಮಸುಕು,” ಎಂದರು.

ನಗು ತಣ್ಣಗಾಯಿತು. ಪಟಾಕಿ ಕವಚವನ್ನು ಗಲ್ಲದವರೆಗೂ ಇಳಿಸಿದಳು. ಪಕ್ಕದವನು ಬರಿಗಣ್ಣಿನಲ್ಲಿ ಇಣುಕುತ್ತಿದ್ದ. “ಬೆಳಕು ತಡೆಯೋ ಪರದೆ ಆಚೆ ಹೋಗೋ!” ಎಂದು ಅಟ್ಟಿ, ವೆಲ್ಡಿಂಗ್ ಕಡ್ಡಿಯನ್ನು ಕಬ್ಬಿಣಕ್ಕೆ ತಾಗಿಸಿದಳು.

ಎರಡೇ ಕ್ಷಣ. ಕವಚದೊಳಗಿಂದ ಚೀರಾಟ ಕೇಳಿಸಿತು.

“ಟೀಚರ್! ಕಬ್ಬಿಣ ಕರಗಿ ಹರಿಯೋದು ಕಾಣ್ತಿದೆ! ಪುಟ್ಟ ಕೆರೆ ಥರ ಇದೆ! ಇಷ್ಟು ದಿನ ಬರೀ ಬಿಳಿ ಬೆಳಕೇ ಕಾಣ್ತಿತ್ತು!”

“ಹೂಂ, ಆ ಕೆರೆ ನೋಡ್ಕೊಂಡೇ ಕೈ ಸಾಗಿಸ್ಬೇಕು. ನಿಧಾನ.”

ಬೆಸುಗೆ ತಣ್ಣಗಾದ ಮೇಲೆ ಎಲ್ಲರೂ ಮುತ್ತಿಕೊಂಡರು. ಹಾವಿನಂತೆ ಹೊರಳಾಡುತ್ತಿದ್ದ ಅವಳ ಗೆರೆ ಮೊದಲ ಸಲ ನೆಟ್ಟಗೆ ಬಂದಿತ್ತು. ಉಳಿದ ಹನ್ನೊಂದು ಮಂದಿ ನಾ ಮುಂದು ತಾ ಮುಂದು ಎಂದು ಕವಚಕ್ಕೆ ಕೈಹಾಕುತ್ತಿದ್ದರೆ, ಟೀಚರಮ್ಮನಿಗೆ ಯಾರನ್ನು ಮೊದಲು ಕರೆಯಬೇಕೆಂದೇ ತೋಚಲಿಲ್ಲ.