ಬಲಗಡೆಯ ಹೂವು

ತುರುವೇಕೆರೆಯ ಹೊಸ ಕಾಲೇಜಿಗೆ ಇದ್ದದ್ದು ನಾಲ್ಕೇ ಕೋಣೆ. ವಿಜ್ಞಾನ ಕಲಿಸಲು ಸಾಮಾನಿಲ್ಲದೆ ಪಿಯುಸಿಯಲ್ಲಿ ಕಲಾ ವಿಭಾಗವೊಂದೇ ಇತ್ತು. ಎರಡು ವರ್ಷದ ಓದು. ವಿಮಲ ಅರ್ಜಿ ತಂದಿಟ್ಟುಕೊಂಡು ಎಂಟು ದಿನವಾಗಿತ್ತು. ಸೋಮವಾರ ಕಡೆಯ ದಿನ. ತಂದೆಯ ಹೆಬ್ಬೆಟ್ಟೊಂದು ಬಾಕಿ.

ಪಕ್ಕದ ಮನೆಯ ಓಬಮ್ಮ ನಕ್ಕಳು. "ಬರೀ ಚರಿತ್ರೆ ಓದಿ ಯಾವ ರಾಜನ್ನ ಕಟ್ಕಂಡೀಯೇ?"

"ರಾಜ ಬ್ಯಾಡ ಕಣತ್ತೆ. ಆಮ್ಯಾಕೆ ಟೀಚರ್ ಟ್ರೈನಿಂಗ್ ಸಿಕ್ರೆ ಸಾಕು."

"ಆ ಕೂಸನ್ನ ಯಾರು ಸಾಕ್ತಾರೆ, ಸರ್ಕಾರದೋರಾ?"

ಒಳಗೆ ಮೂರು ತಿಂಗಳ ಕೂಸು ಅಳುತ್ತಿತ್ತು. ಅದನ್ನು ಹೆತ್ತ ಒಂಬತ್ತನೇ ದಿನ ಅಕ್ಕ ಹೊಂಬಾಳಮ್ಮ ತೀರಿಕೊಂಡಿದ್ದಳು. ಭಾವ ದುರ್ಗಯ್ಯ ಕಂದಿಕೆರೆಯಿಂದ ಎರಡು ಸಲ ಬಂದು, ಜಗುಲಿಯ ಮೇಲೆ ಕೂತು, ಏನೂ ಕೇಳದೆ ಎದ್ದು ಹೋಗಿದ್ದ. ಅಕ್ಕನ ಜಾಗಕ್ಕೆ ತಂಗಿಯನ್ನು ಕೇಳಲು ಬಂದಿದ್ದನೆಂಬುದು ಯಾರೂ ಹೇಳಬೇಕಾದ ಮಾತಾಗಿರಲಿಲ್ಲ.

ತಂದೆ ಹುಚ್ಚರಂಗಯ್ಯನದು ಮಾತು ಕಮ್ಮಿ. ಸಂಜೆ ತೆಂಗಿನ ತೋಟದಿಂದ ಬಂದು ಕೈಕಾಲು ತೊಳೆದು ಕಂಬಕ್ಕೊರಗಿದರೆ ವಿಮಲ ಭಾರತ ಓದಬೇಕು. ಅವನಿಗೆ ಅಕ್ಷರ ಬಾರದು. ಆದರೂ ಅವಳು ಒಂದು ಮಾತ್ರೆ ತಪ್ಪಿದರೆ ಕಣ್ಣು ಮುಚ್ಚಿದಂತೆಯೇ ತಲೆಯಾಡಿಸುವನು. ಆ ಸಂಜೆ ಓದು ಮುಗಿದ ಮೇಲೆ ಹೇಳಿದ: "ಬೆಳಿಗ್ಗೆ ಮೈ ತೊಳ್ಕಂಡು ಬಾರವ್ವ. ರಂಗಪ್ಪನ ತಾವ ಹೂವ ಕೇಳಾನ."

ಮರುಬೆಳಿಗ್ಗೆ ರಂಗಪ್ಪನ ಗುಡಿಯಲ್ಲಿ ಪೂಜಾರಿ ನೀರಿನಲ್ಲದ್ದಿದ ಕಣಗಿಲೆ ಹೂಗಳನ್ನು ದೇವರ ಎರಡು ಭುಜಕ್ಕೂ ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದಾದರೆ ಬೇಡವೆಂದು. ಕೇಳುವವರು ಬಾಯಿಬಿಡದೆ ಮನಸ್ಸಿನಲ್ಲೇ ಕೇಳಬೇಕು. ತಂದೆ ಕಣ್ಣು ಮುಚ್ಚಿದ. ವಿಮಲಳೂ ಮುಚ್ಚಿದಳು. ಬಲಗಡೆ ಕೊಡಪ್ಪಾ, ಬಲಗಡೆ ಕೊಡು. ಕೆಲವರಿಗೆ ಮಧ್ಯಾಹ್ನದವರೆಗೂ ಬೀಳದ ಹೂವು ಅವರಿಗೆ ಗಳಿಗೆಯೊಳಗೆ ಬಿತ್ತು. ಬಲಗಡೆಯದೇ.

ಹೊರಗೆ ಬಂದವಳೇ ಸೆರಗಿನೊಳಗಿಂದ ಅರ್ಜಿ ತೆಗೆದಳು. "ಅಪ್ಪಯ್ಯಾ, ಪೋಸ್ಟಾಫೀಸ್ನಾಗೆ ಮಸಿ ಐತೆ. ಹೆಬ್ಬೆಟ್ಟು ಒತ್ಬುಡು."

ಹುಚ್ಚರಂಗಯ್ಯ ಕೈ ಚಾಚಲಿಲ್ಲ. "ನಾ ಕೇಳಿದ್ದು ಅದಲ್ಲ ಕಣವ್ವ. ದುರ್ಗಯ್ಯಂಗೆ ನಿನ್ನ ಕೊಡ್ಲಾ ಅಂತ ಕೇಳ್ದೆ. ಎಡಗಡೆ ಬಿದ್ದಿದ್ರೆ ಕಾಲೇಜಿಗೆ ಕಳುಸ್ತಿದ್ದೆ."

ಅವನು ಸುಳ್ಳಾಡುವವನಲ್ಲ. ಕಳಿಸಿಯೇ ಕಳಿಸುತ್ತಿದ್ದ.

"ಇನ್ನೊಂದ್ಸಲ ಕೇಳಪ್ಪಯ್ಯಾ."

"ರಂಗಪ್ಪ ಹೂವ ಕೊಟ್ಟ ಮ್ಯಾಲೆ ತಿರುಗಿ ಕೇಳಿದ್ರೆ, ನಿನ್ನ ಮಾತು ನಂಬ್ನಿಲ್ಲ ಅಂತ ಅವನಿಗೇ ಹೇಳ್ದಂಗಾಯ್ತದೆ."

ಇಬ್ಬರೂ ರಸ್ತೆಗೆ ಬಂದರು. ಅಲ್ಲಿ ಅವನು ನಿಂತು ಕೇಳಿದ: "ನೀನೂ ಕಣ್ಮುಚ್ಕಂಡಿದ್ದೆ. ಏನ್ ಬೇಡ್ಕಂಡೆ?"

"ಬಲಗಡೆ ಕೊಡು ಅಂತ."

ಹಿರಿಮಗಳನ್ನು ಮಣ್ಣು ಮಾಡಿ ಬಂದಂದಿನಿಂದ ಮುದುಡಿಕೊಂಡಿದ್ದ ಅವನ ಮುಖ ಬಿಚ್ಚಿಕೊಂಡಿತು. "ಅದಕ್ಕೇ ಕಣವ್ವ ಅಷ್ಟು ಬಿರ್ನೆ ಕೊಟ್ಟ. ಇಬ್ರೂ ಒಂದನ್ನೇ ಬೇಡ್ಕಂಡಿದ್ವಿ. ನಿನ್ನ ಮನ್ಸಿಗೆ ಬಂದೀತೋ ಇಲ್ವೋ ಅಂತ ಅಳುಕ್ತಿದ್ದೆ, ನೋಡು."

ಹಾಗಲ್ಲ ಎನ್ನಲು ವಿಮಲ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಟವೆಲ್ಲು ಬೀಸಿ ಬಸ್ಸಿಗೆ ಅಡ್ಡ ಬಂದಿದ್ದ. "ನೀ ಮನೆಗೆ ನಡಿ. ನಾ ಹಿಂಗೇ ಕಂದಿಕೆರೆಗೆ ಹೋಗಿ ಹೇಳಿ ಬತ್ತೀನಿ" ಎಂದು ಹತ್ತಿಕೊಂಡ.